ಮರದ ವಿಷವು ಮದ್ದಾದ ಬಗೆ

(ಉತ್ಸವದ ಅಂಗವಾಗಿ ನೆರೆದ ಸಭೆಯಲ್ಲಿ ಓದಲಾದ ಉಪನ್ಯಾಸ)



ಗಿಡಮೂಲಿಕೆಗಳಲ್ಲಿ ರೋಗಹರವಾದ ಗುಣವಿರುವುದೆಂಬ ಮಾತು ಮಠಕ್ಕೆ ನಡೆದುಕೊಳ್ಳುವ ಮನೆತನಗಳಿಗೆ ಹೊಸದಲ್ಲ. ಜ್ವರಕ್ಕೆ ಕಷಾಯ, ಹುಣ್ಣಿಗೆ ಲೇಪ, ಕೂಸಿನ ಹೊಟ್ಟೆನೋವಿಗೆ ಬಜೆ, ಇವು ಮಠಗಳ ಅಂಗಳದಲ್ಲಿಯೂ ಹಳ್ಳಿಯ ಮನೆಗಳಲ್ಲಿಯೂ ತಲೆಮಾರುಗಳಿಂದ ನಡೆದು ಬಂದಿವೆ. ಆದರೆ ಈಚೆಗೆ ಇನ್ನೊಂದು ಮಾತು ಜನರ ಬಾಯಲ್ಲಿ ಹರಿದಾಡುತ್ತಿರುವುದು. ಅರ್ಬುದ ರೋಗಕ್ಕೆ, ಎಂದರೆ ಎಲ್ಲರೂ ಕ್ಯಾನ್ಸರ್ ಎಂದು ಕರೆಯುವ ರೋಗಕ್ಕೆ, ದೊಡ್ಡ ಆಸ್ಪತ್ರೆಗಳಲ್ಲಿ ಕೊಡುವ ಔಷಧಗಳಲ್ಲಿ ಹಲವು ಗಿಡಮರಗಳಿಂದಲೇ ಬಂದವುಗಳಂತೆ; ಹಾಗಿದ್ದ ಮೇಲೆ ಆ ಮರದ ತೊಗಟೆಯನ್ನೇ ಕುದಿಸಿ ಕುಡಿದರೆ ಸಾಲದೆ, ಅಷ್ಟೊಂದು ಹಣವನ್ನು ಏಕೆ ಸುರಿಯಬೇಕು, ಎಂಬುದು ಆ ಮಾತು. ಇದರ ಪೂರ್ವಾರ್ಧವು ಸತ್ಯವಾದುದು. ಉತ್ತರಾರ್ಧವು ಪ್ರಾಣಕ್ಕೆ ಎರವಾಗುವಂಥ ತಪ್ಪು. ಈ ಎರಡರ ನಡುವೆ ಇರುವ ಕಂದಕವು ಎಷ್ಟು ಆಳವಾದುದೆಂಬುದನ್ನು ಒಂದೇ ಒಂದು ಮರದ ವೃತ್ತಾಂತದಿಂದ ತಿಳಿಯಬಹುದು. ಆ ಕಂದಕವನ್ನು ದಾಟಲು ವಿದ್ವಾಂಸರಿಗೆ ಸುಮಾರು ೩೦ ವರ್ಷಗಳು ಹಿಡಿದವು.

ಚೀನ ದೇಶದ ದಕ್ಷಿಣ ಭಾಗದಲ್ಲಿ ಬೆಳೆಯುವ ಒಂದು ಮರವುಂಟು. ಅಲ್ಲಿಯ ಜನರು ಅದನ್ನು ‘ಶೀ ಶು’ ಎಂದು ಕರೆಯುವರು. ಸಂತೋಷದ ಮರವೆಂದು ಅದರ ಅರ್ಥ. ಸಸ್ಯಶಾಸ್ತ್ರಜ್ಞರು ಇಟ್ಟ ಹೆಸರು ಕ್ಯಾಂಪ್ಟೊಥೀಕ ಅಕ್ಯುಮಿನೇಟ. ಅಮೇರಿಕದ ಕೃಷಿ ಇಲಾಖೆಯವರು ಈ ಮರವನ್ನು ತಮ್ಮ ದೇಶಕ್ಕೆ ತಂದು ಬೆಳೆಸಿದ್ದರು. ೧೯೫೦ರಿಂದೀಚೆಯ ದಶಕದಲ್ಲಿ ಅದೇ ಇಲಾಖೆಯ ಫಿಲಡೆಲ್ಫಿಯದ ಪ್ರಯೋಗಶಾಲೆಯಲ್ಲಿ ಮನ್ರೋ ವಾಲ್ ಎಂಬ ರಸಾಯನಶಾಸ್ತ್ರಜ್ಞರು ಸಾವಿರಾರು ಸಸ್ಯಗಳ ಸಾರವನ್ನು ತೆಗೆದು ಶೋಧಿಸುತ್ತಿದ್ದರು. ಅವರು ಅರಸುತ್ತಿದ್ದುದು ಅರ್ಬುದದ ಮದ್ದನ್ನಲ್ಲ. ಕೀಲುನೋವಿಗೆ ಬಳಸುವ ಕಾರ್ಟಿಸೋನ್ ಎಂಬ ಔಷಧಕ್ಕೆ ಮೂಲದ್ರವ್ಯವಾಗಬಲ್ಲ ವಸ್ತುವು ಯಾವ ಗಿಡದಲ್ಲಿದೆಯೆಂದು ನೋಡುವುದೇ ಅವರ ಕೆಲಸವಾಗಿತ್ತು. ಸಂತೋಷದ ಮರದಲ್ಲಿ ಅವರಿಗೆ ಬೇಕಾದುದು ದೊರೆಯಲಿಲ್ಲ. ಆದರೂ ಸುಮಾರು ೧೦೦೦ ಸಾರಗಳನ್ನು ಅವರು ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆಗೆ ಪರೀಕ್ಷೆಗಾಗಿ ಕಳುಹಿಸಿಕೊಟ್ಟಾಗ, ಇಲಿಗಳಲ್ಲಿ ಬೆಳೆಸಿದ ಅರ್ಬುದದ ಮೇಲೆ ಈ ಒಂದು ಮರದ ಸಾರವು ವಿಶೇಷವಾದ ಪ್ರಭಾವವನ್ನು ತೋರಿತು. ಅರಸಿದ್ದೊಂದು, ದೊರೆತದ್ದು ಇನ್ನೊಂದು.

ವಾಲ್ ಅವರು ೧೯೬೦ರಲ್ಲಿ ಉತ್ತರ ಕೆರೊಲೈನ ಪ್ರಾಂತದ ರಿಸರ್ಚ್ ಟ್ರಯಾಂಗಲ್ ಇನ್‌ಸ್ಟಿಟ್ಯೂಟಿಗೆ ಬಂದರು. ಅಲ್ಲಿ ಅವರಿಗೆ ಜೊತೆಗಾರರಾಗಿ ದೊರೆತವರು ಮನ್ಸೂಖ್ ವಾನಿ ಎಂಬ ಭಾರತೀಯರು. ಇವರು ೧೯೨೫ರಲ್ಲಿ ಮಹಾರಾಷ್ಟ್ರದ ನಂದುರಬಾರದಲ್ಲಿ ಹುಟ್ಟಿ, ಮುಂಬಯಿ ವಿಶ್ವವಿದ್ಯಾನಿಲಯದಲ್ಲಿ ಓದಿ, ಮುಂದೆ ಅಮೇರಿಕದ ಇಂಡಿಯಾನ ವಿಶ್ವವಿದ್ಯಾನಿಲಯದಲ್ಲಿ ಡಾಕ್ಟರ್ ಪದವಿಯನ್ನು ಪಡೆದವರು. ಇಬ್ಬರೂ ಸೇರಿ ೨೦ ಕಿಲೋಗ್ರಾಂ ಕಟ್ಟಿಗೆ ಮತ್ತು ತೊಗಟೆಯನ್ನು ತೆಗೆದುಕೊಂಡು, ಅದರ ಸಾರವನ್ನು ಭಾಗಭಾಗವಾಗಿ ಬೇರ್ಪಡಿಸಿ, ಪ್ರತಿಯೊಂದು ಭಾಗವನ್ನೂ ಇಲಿಗಳ ಮೇಲೆ ಪರೀಕ್ಷಿಸಿ, ಗುಣವಿದ್ದ ಭಾಗವನ್ನು ಉಳಿಸಿಕೊಂಡು ಉಳಿದುದನ್ನು ಬಿಡುತ್ತ, ಕೊನೆಗೆ ಒಂದೇ ಶುದ್ಧ ವಸ್ತುವಿಗೆ ಬಂದು ಮುಟ್ಟಿದರು. ೧೯೬೬ರಲ್ಲಿ ಅದರ ರಚನೆಯನ್ನು ಪ್ರಕಟಿಸಿದರು. ಅದಕ್ಕೆ ಕ್ಯಾಂಪ್ಟೊಥೆಸಿನ್ ಎಂದು ಹೆಸರು. ಮುಂದೆ ೧೯೭೧ರಲ್ಲಿ ಇದೇ ಇಬ್ಬರು ಇನ್ನೊಂದು ಮರದ ತೊಗಟೆಯಿಂದ ಟ್ಯಾಕ್ಸಾಲ್ ಎಂಬ, ಇಂದು ಜಗತ್ತಿನ ಎಲ್ಲ ಕಡೆಯೂ ಬಳಕೆಯಲ್ಲಿರುವ ಔಷಧದ ರಚನೆಯನ್ನೂ ಕಂಡುಕೊಟ್ಟರು. ಒಂದು ಜೋಡಿಗೆ ಇಂಥ ಭಾಗ್ಯವು ಎರಡು ಸಲ ಒದಗುವುದು ಅತ್ಯಪೂರ್ವ. ಟ್ಯಾಕ್ಸಾಲಿನ ಕಥೆಯು ಬೇರೆಯೇ ಒಂದು ದಿನದ ಮಾತು.

ಈ ಕ್ಯಾಂಪ್ಟೊಥೆಸಿನ್ ಅಣುವಿನಲ್ಲಿ ಇಂಗಾಲದ ಪರಮಾಣುಗಳು ೨೦, ಜಲಜನಕದವು ೧೬, ಸಾರಜನಕದವು ೨, ಆಮ್ಲಜನಕದವು ೪. ಇವು ಒಂದರ ಮಗ್ಗುಲಿಗೆ ಒಂದರಂತೆ ಐದು ಉಂಗುರಗಳಾಗಿ ಕೂಡಿಕೊಂಡು, ಚಪ್ಪಟೆಯಾದ ಹಲಗೆಯಂಥ ಆಕಾರವನ್ನು ತಾಳಿವೆ. ಐದನೆಯದಾದ ಕೊನೆಯ ಉಂಗುರವೇ ಈ ಕಥೆಯ ಗಂಟು. ಆ ಉಂಗುರವು ಮುಚ್ಚಿಕೊಂಡಿದ್ದರೆ ಅಣುವಿಗೆ ಅರ್ಬುದವನ್ನು ಕೊಲ್ಲುವ ಶಕ್ತಿಯುಂಟು. ಬಿಚ್ಚಿಕೊಂಡರೆ ಆ ಶಕ್ತಿಯು ಬಹಳಮಟ್ಟಿಗೆ ಇಲ್ಲವಾಗುವುದು. ಆದರೆ ಮುಚ್ಚಿಕೊಂಡ ರೂಪದಲ್ಲಿ ಅದು ನೀರಿನಲ್ಲಿ ಕರಗದು. ನೀರಿನಲ್ಲಿ ಕರಗದ ವಸ್ತುವನ್ನು ರಕ್ತನಾಳಕ್ಕೆ ಚುಚ್ಚುವುದು ಹೇಗೆ?

ವೈದ್ಯರು ಆಗ ಸುಲಭವೆಂದು ತೋರಿದ ಉಪಾಯವನ್ನೇ ಹಿಡಿದರು. ಸೋಡಾಕ್ಷಾರವನ್ನು ಬೆರೆಸಿದರೆ ಕೊನೆಯ ಉಂಗುರವು ಬಿಚ್ಚಿಕೊಂಡು, ಉಪ್ಪಿನ ರೂಪವಾಗಿ, ನೀರಿನಲ್ಲಿ ಚೆನ್ನಾಗಿ ಕರಗುವುದು. ಆ ಉಪ್ಪನ್ನು ೧೯೭೦ರ ಸುಮಾರಿಗೆ ಅಮೇರಿಕದ ಆಸ್ಪತ್ರೆಗಳಲ್ಲಿ ರೋಗಿಗಳಿಗೆ ಕೊಟ್ಟು ನೋಡಿದರು. ಫಲವು ಘೋರವಾಗಿತ್ತು. ಗುಣ ಕಂಡವರು ಕೆಲವರೇ. ಹಲವರಿಗೆ ಅಸ್ಥಿಮಜ್ಜೆಯು ಕುಗ್ಗಿತು, ವಾಂತಿ ಭೇದಿಗಳು ಹತ್ತಿದವು. ಎಲ್ಲಕ್ಕೂ ಮಿಗಿಲಾಗಿ ಮೂತ್ರಕೋಶದ ಒಳಪದರವು ಬೆಂದಂತಾಗಿ ಮೂತ್ರದಲ್ಲಿ ರಕ್ತವು ಹೋಗತೊಡಗಿತು. ಹೀಗೇಕೆಂಬುದನ್ನು ಯೋಚಿಸಿದರೆ ಮರದ ವಿಷದ ಸ್ವಭಾವವು ತಿಳಿಯುವುದು. ಮನುಷ್ಯನ ರಕ್ತವು ತುಸು ಕ್ಷಾರಗುಣವುಳ್ಳದ್ದು; ಆದುದರಿಂದ ರಕ್ತದಲ್ಲಿ ಉಂಗುರವು ಬಿಚ್ಚಿಕೊಂಡೇ ಇದ್ದು ಔಷಧವು ನಿಸ್ಸತ್ವವಾಗಿರುತ್ತಿತ್ತು. ಮೂತ್ರವಾದರೋ ಸಾಮಾನ್ಯವಾಗಿ ಆಮ್ಲಗುಣವುಳ್ಳದ್ದು. ಅಲ್ಲಿಗೆ ಮುಟ್ಟಿದೊಡನೆ ಉಂಗುರವು ಮತ್ತೆ ಮುಚ್ಚಿಕೊಂಡು ಔಷಧವು ತನ್ನ ಪೂರ್ಣ ತೀಕ್ಷ್ಣತೆಯನ್ನು ಮೂತ್ರಕೋಶದ ಮೇಲೆಯೇ ತೋರುತ್ತಿತ್ತು. ಅರ್ಬುದವಿದ್ದಲ್ಲಿ ಸುಮ್ಮನಿದ್ದು, ಇಲ್ಲದಲ್ಲಿ ಸುಡುವ ಮದ್ದಾಯಿತು. ಇಲಿಗಳಲ್ಲಿ ಇದು ಇಷ್ಟು ಕಾಣಲಿಲ್ಲ; ಏಕೆಂದರೆ ಮನುಷ್ಯನ ರಕ್ತದಲ್ಲಿರುವ ಆಲ್ಬುಮಿನ್ ಎಂಬ ದ್ರವ್ಯವು ಬಿಚ್ಚಿದ ಉಂಗುರವನ್ನು ಹಿಡಿದುಕೊಳ್ಳುವಷ್ಟು ಬಲವಾಗಿ ಇಲಿಯ ಆಲ್ಬುಮಿನ್ ಹಿಡಿಯದು. ಇಲಿಗೆ ಗುಣವಾದುದು ಮನುಷ್ಯನಿಗೂ ಗುಣವಾದೀತೆಂದು ಆತುರಪಡುವವರು ಈ ಮಾತನ್ನು ಮನಸ್ಸಿನಲ್ಲಿಡತಕ್ಕದ್ದು. ೧೯೭೨ರ ಹೊತ್ತಿಗೆ ಆ ಪ್ರಯೋಗಗಳನ್ನು ನಿಲ್ಲಿಸಲಾಯಿತು. ಸಂತೋಷದ ಮರವನ್ನು ವೈದ್ಯಲೋಕವು ಬಹುಮಟ್ಟಿಗೆ ಮರೆಯಿತು.

ಅದನ್ನು ಮತ್ತೆ ನೆನಪಿಗೆ ತಂದುದು ೧೯೮೫ರಲ್ಲಿ ಲೆರಾಯ್ ಲಿಯು ಎಂಬವರೂ ಅವರ ಸಂಗಡಿಗರೂ ಅಮೇರಿಕದಲ್ಲಿ ಮಾಡಿದ ಒಂದು ಶೋಧ. ಅದನ್ನು ತಿಳಿಯಲು ಹಗ್ಗವನ್ನು ಹೊಸೆಯುವವರ ಕೆಲಸವನ್ನು ನೆನೆದರೆ ಸಾಕು. ಎರಡು ಎಳೆಯ ಹುರಿಹಗ್ಗದ ಒಂದು ತುದಿಯನ್ನು ಕಂಬಕ್ಕೆ ಬಿಗಿದು, ಇನ್ನೊಂದು ತುದಿಯ ಎಳೆಗಳನ್ನು ಎರಡೂ ಕೈಗಳಿಂದ ಬೇರೆಬೇರೆಯಾಗಿ ಜಗ್ಗಿದರೆ, ಬಿಚ್ಚಿದಷ್ಟೂ ಮುಂದಿನ ಹುರಿಯು ಬಿಗಿಯಾಗುತ್ತ ಹೋಗಿ ಹಗ್ಗವು ಗಂಟುಗಂಟಾಗುವುದು. ದೇಹದ ಜೀವಕೋಶಗಳೊಳಗೆ ಡಿ.ಎನ್.ಎ. ಎಂಬ ಇಂಥದೇ ಎರಡು ಎಳೆಯ ಹುರಿಯಿರುವುದು. ಒಂದು ಜೀವಕೋಶದಲ್ಲಿರುವ ಹುರಿಯನ್ನೆಲ್ಲ ಉದ್ದಕ್ಕೆ ಎಳೆದು ಜೋಡಿಸಿದರೆ ಸುಮಾರು ೨ ಮೀಟರು, ನಾಲ್ಕು ಮೊಳಕ್ಕೂ ಮಿಗಿಲು. ಜೀವಕೋಶವು ಎರಡಾಗಬೇಕಾದರೆ ಈ ಹುರಿಯನ್ನು ಬಿಚ್ಚಿ ಪ್ರತಿಮಾಡಿಕೊಳ್ಳಬೇಕು. ಬಿಚ್ಚುವಾಗ ಮುಂದೆ ಬಿಗಿಯುವ ಹುರಿಯನ್ನು ಸಡಿಲಿಸಲು ಟೋಪೊಐಸೊಮರೇಸ್ ಎಂಬ ಕಿಣ್ವವೊಂದು ಸದಾ ದುಡಿಯುತ್ತಿರುವುದು. ಅದು ಒಂದು ಎಳೆಯನ್ನು ಕತ್ತರಿಸಿ, ಹುರಿಯು ಒಂದೆರಡು ಸುತ್ತು ತಿರುಗಿ ಸಡಿಲವಾಗುವವರೆಗೆ ತುದಿಯನ್ನು ಹಿಡಿದುಕೊಂಡಿದ್ದು, ಬಳಿಕ ಮತ್ತೆ ಬೆಸೆದುಬಿಡುವುದು. ಕ್ಯಾಂಪ್ಟೊಥೆಸಿನ್ ಮಾಡುವುದಿಷ್ಟೇ: ಕತ್ತರಿಸಿದ ಆ ಸಂದಿನೊಳಕ್ಕೆ ತನ್ನ ಚಪ್ಪಟೆಯಾದ ಮೈಯನ್ನು ತೂರಿಸಿ ಕುಳಿತು, ಬೆಸೆಯಗೊಡದಂತೆ ತಡೆಯುವುದು. ಪ್ರತಿಮಾಡುವ ಯಂತ್ರವು ಓಡಿಬಂದು ಆ ಮುರಿವಿಗೆ ತಾಗಿದೊಡನೆ ಎರಡೂ ಎಳೆಗಳು ತುಂಡಾಗಿ ಜೀವಕೋಶವು ಸಾಯುವುದು. ಅರ್ಬುದದ ಜೀವಕೋಶಗಳು ಬಿಡುವಿಲ್ಲದೆ ಎರಡಾಗುತ್ತಿರುವುದರಿಂದ ಏಟು ಅವುಗಳ ಮೇಲೆ ಹೆಚ್ಚಾಗಿ ಬೀಳುವುದು. ಕೂದಲಿನ ಬೇರು, ಕರುಳಿನ ಒಳಪದರ, ಅಸ್ಥಿಮಜ್ಜೆ ಇವುಗಳ ಜೀವಕೋಶಗಳೂ ಬೇಗಬೇಗನೆ ಎರಡಾಗುವಂಥವು. ಅವುಗಳಿಗೂ ಏಟು ತಪ್ಪದು.

ಈ ಮರ್ಮವು ತಿಳಿದ ಮೇಲೆ ಅಣುವಿನ ಯಾವ ಭಾಗವನ್ನು ಮುಟ್ಟಬಾರದು, ಯಾವ ಭಾಗವನ್ನು ಬದಲಿಸಿದರೆ ಬಾಧಕವಿಲ್ಲ ಎಂಬ ವಿವೇಕವು ಗಟ್ಟಿಯಾಯಿತು. ಜಪಾನದಲ್ಲಿಯಾದರೋ ಕೆಲಸವು ಅದಕ್ಕೂ ಮೊದಲೇ ಆರಂಭವಾಗಿತ್ತು. ಹುದುಗಿಸಿದ ಹಾಲಿನ ಪಾನೀಯವನ್ನು ಮನೆಮನೆಗೆ ಮಾರುವುದರಿಂದ ಹೆಸರಾದ ಯಾಕುಲ್ಟ್ ಎಂಬ ಸಂಸ್ಥೆಯ ರಸಾಯನಶಾಸ್ತ್ರಜ್ಞರು, ಮರದಿಂದ ತೆಗೆದ ಕ್ಯಾಂಪ್ಟೊಥೆಸಿನ್ನನ್ನು ಕೈಗೆತ್ತಿಕೊಂಡು, ಎಲ್ಲರೂ ಕೈಬಿಟ್ಟ ಆ ವಸ್ತುವನ್ನು ತಿದ್ದತೊಡಗಿದ್ದರು. ಅವರು ಐದನೆಯ ಉಂಗುರದ ತಂಟೆಗೆ ಹೋಗಲಿಲ್ಲ. ಅದಕ್ಕೆ ದೂರವಾದ ಇನ್ನೊಂದು ತುದಿಯಲ್ಲಿ, ಅಣುವಿನ ಏಳನೆಯ ಸ್ಥಾನದಲ್ಲಿ, ಎರಡು ಇಂಗಾಲದ ಒಂದು ಪುಟ್ಟ ಗುಂಪನ್ನು ಕೂಡಿಸಿದರು. ಹತ್ತನೆಯ ಸ್ಥಾನದಲ್ಲಿ ಆಮ್ಲಜನಕ ಜಲಜನಕಗಳ ಜೋಡಿಯನ್ನು ಇಟ್ಟರು. ಇದರಿಂದ ಶಕ್ತಿಯು ಹೆಚ್ಚಿತು, ಆದರೆ ನೀರಿನಲ್ಲಿ ಕರಗುವ ಗುಣವು ಬರಲಿಲ್ಲ. ಆಗ ಹತ್ತನೆಯ ಸ್ಥಾನಕ್ಕೆ ಸಾರಜನಕವುಳ್ಳ ಉದ್ದನೆಯ ಬಾಲವೊಂದನ್ನು ಅಂಟಿಸಿದರು. ಈ ಬಾಲವು ಆಮ್ಲದೊಡನೆ ಸೇರಿ ಉಪ್ಪಾಗುವುದರಿಂದ ಇಡೀ ಅಣುವು ನೀರಿನಲ್ಲಿ ಕರಗುವುದು, ಐದನೆಯ ಉಂಗುರವಾದರೋ ಮುಚ್ಚಿಕೊಂಡೇ ಇರುವುದು. ರೋಗಿಯ ಮೈಯೊಳಗೆ ಹೋದ ಮೇಲೆ, ಮುಖ್ಯವಾಗಿ ಯಕೃತ್ತಿನಲ್ಲಿರುವ ಒಂದು ಕಿಣ್ವವು ಆ ಬಾಲವನ್ನು ಕತ್ತರಿಸಿ ಹಾಕುವುದು. ಆಗ ಒಳಗಿನ ತೀಕ್ಷ್ಣವಾದ ಔಷಧವು ಹೊರಬೀಳುವುದು. ಬಾಲವಿಲ್ಲದ ಈ ರೂಪಕ್ಕೆ ಬಾಲವಿದ್ದುದಕ್ಕಿಂತ ನೂರು ಪಾಲಿಗೂ ಮಿಗಿಲಾದ ಶಕ್ತಿಯುಂಟು. ಕತ್ತಿಯನ್ನು ಒರೆಯಲ್ಲಿಟ್ಟು ಒಯ್ದು, ರೋಗಿಯ ದೇಹದಿಂದಲೇ ಒರೆಯನ್ನು ತೆಗೆಸಿದಂತಾಯಿತು. ಹೀಗೆ ಹುಟ್ಟಿದ ಔಷಧದ ಹೆಸರು ಇರಿನೊಟೆಕಾನ್. ೧೯೯೪ರಲ್ಲಿ ಜಪಾನದಲ್ಲಿಯೂ ೧೯೯೬ರಲ್ಲಿ ಅಮೇರಿಕದಲ್ಲಿಯೂ ಅದಕ್ಕೆ ಸರಕಾರದ ಒಪ್ಪಿಗೆ ದೊರೆಯಿತು. ಅದೇ ೧೯೯೬ರಲ್ಲಿ ಟೋಪೊಟೆಕಾನ್ ಎಂಬ ಅದರ ದಾಯಾದಿಯೂ ಅಂಡಾಶಯದ ಅರ್ಬುದಕ್ಕೆ ಬಳಕೆಗೆ ಬಂದಿತು.

ಇಷ್ಟೆಲ್ಲ ಮಾಡುವವರು ಮರದ ಗೊಡವೆಯೇ ಇಲ್ಲದೆ ಪ್ರಯೋಗಶಾಲೆಯಲ್ಲಿಯೇ ಎಲ್ಲವನ್ನೂ ಕಟ್ಟಬಾರದೇಕೆ ಎಂದು ಕೇಳಬಹುದು. ಕಟ್ಟಲು ಬರುವುದು. ಆದರೆ ಆ ಅಣುವಿಗೆ ಎಡಗೈ ಬಲಗೈಗಳಂತೆ, ಒಂದು ಇನ್ನೊಂದರ ಕನ್ನಡಿಯ ಬಿಂಬದಂತಿರುವ ಎರಡು ರೂಪಗಳುಂಟು. ಅವುಗಳಲ್ಲಿ ಒಂದಕ್ಕೆ ಮಾತ್ರ ಶಕ್ತಿ. ಮನುಷ್ಯನು ಕಟ್ಟುವಾಗ ವಿಶೇಷ ಎಚ್ಚರವಿಲ್ಲದಿದ್ದರೆ ಎರಡೂ ಸಮಸಮವಾಗಿ ಹುಟ್ಟುವುವು. ಮರವಾದರೋ ತಪ್ಪದೆ ಬೇಕಾದ ಕೈಯನ್ನೇ ಮಾಡಿಕೊಡುವುದು. ಕಠಿಣವಾದ ಅರ್ಧ ಕೆಲಸವನ್ನು ಮರಕ್ಕೆ ಬಿಟ್ಟು, ಉಳಿದರ್ಧವನ್ನು ಮನುಷ್ಯನು ಮಾಡುವುದೇ ಅಗ್ಗವಾದ ದಾರಿಯಾಗಿ ಬಹುಕಾಲ ನಡೆದುಬಂದಿತು.

ಮರದ ವಿಷವನ್ನು ಹೀಗೆ ತಿದ್ದಿ ಬಳಸುವ ವಿಚಾರವು ಭಾರತದ ವೈದ್ಯರಿಗೆ ತೀರ ಅಪರಿಚಿತವೆನ್ನಲಾಗದು. ಆಯುರ್ವೇದದವರು ವತ್ಸನಾಭಿಯನ್ನು ಹಸಿಯಾಗಿ ಎಂದೂ ಕೊಡರು. ಗೋಮೂತ್ರದಲ್ಲಿ ನೆನೆಸಿ ಅಥವಾ ಹಾಲಿನಲ್ಲಿ ಬೇಯಿಸಿ ಶೋಧನ ಮಾಡಿದ ಬಳಿಕವೇ ಬಳಸುವರು. ಹೀಗೆ ಬೇಯಿಸುವಾಗ ವಿಷದ ಅಣುವಿನಿಂದ ಅಸಿಟಿಕ್ ಆಮ್ಲದ ಒಂದು ತುಣುಕು ಕಳಚಿ, ಅದರ ಮಾರಕತೆಯು ಬಹಳವಾಗಿ ತಗ್ಗುವುದೆಂದು ರಸಾಯನಶಾಸ್ತ್ರಜ್ಞರು ತೋರಿಸಿದ್ದಾರೆ. ಹಿರಿಯರ ಅನುಭವವು ಇಲ್ಲಿ ಸರಿಯಾದ ಹಾದಿಯನ್ನೇ ಹಿಡಿದಿತ್ತು. ಆದರೆ ಇದನ್ನೇ ಮುಂದುಮಾಡಿ ‘ಎಲ್ಲವೂ ಹಿಂದೆಯೇ ತಿಳಿದಿತ್ತು’ ಎಂದು ಹೇಳಿಬಿಡುವುದು ನ್ಯಾಯವಲ್ಲ. ಎಷ್ಟು ಕಳಚಿತು, ಎಷ್ಟು ಉಳಿಯಿತು, ಒಬ್ಬ ರೋಗಿಗೆ ಎಷ್ಟು ಮಿಲಿಗ್ರಾಂ ಸಲ್ಲುವುದು ಎಂಬ ಅಳತೆಯಿಲ್ಲದ ಕಡೆ, ವಿಷಕ್ಕೂ ಮದ್ದಿಗೂ ನಡುವಣ ಗೆರೆಯು ಕೂದಲೆಳೆಯಷ್ಟು ತೆಳ್ಳಗಿರುವುದು.

ಇರಿನೊಟೆಕಾನ್ ಔಷಧದಲ್ಲಿಯೇ ಈ ಗೆರೆಯು ಸ್ಪಷ್ಟವಾಗಿ ಕಾಣುವುದು. ಯಕೃತ್ತು ತನ್ನ ಕೆಲಸವಾದ ತೀಕ್ಷ್ಣ ಔಷಧಕ್ಕೆ ಒಂದು ಬಗೆಯ ಸಕ್ಕರೆಯ ಆಮ್ಲವನ್ನು ಅಂಟಿಸಿ, ಅದನ್ನು ಶಾಂತಗೊಳಿಸಿ, ಪಿತ್ತದೊಡನೆ ಕರುಳಿಗೆ ಸಾಗಿಸುವುದು. ಕರುಳಿನಲ್ಲಿರುವ ಸೂಕ್ಷ್ಮಜೀವಿಗಳು ಆ ಸಕ್ಕರೆಯನ್ನು ಕಿತ್ತು ತಿನ್ನುವುವು. ಔಷಧವು ಮತ್ತೆ ತೀಕ್ಷ್ಣವಾಗಿ ಕರುಳನ್ನು ಸುಟ್ಟು ಭೇದಿಯು ಹತ್ತುವುದು. ಇನ್ನು ಕೆಲವರಿಗೆ ಹುಟ್ಟಿನಿಂದಲೇ ಈ ಸಕ್ಕರೆಯನ್ನು ಅಂಟಿಸುವ ಕಿಣ್ವವು ಕಡಮೆಯಿರುವುದು. ಉಪವಾಸ ಮಾಡಿದಾಗಲೋ ದಣಿದಾಗಲೋ ಕಣ್ಣು ತುಸು ಹಳದಿಯಾಗುವ, ಬೇರೆ ಯಾವ ಬಾಧೆಯೂ ಇಲ್ಲದ ಮನೆತನಗಳು ಹಲವುಂಟು. ಅಂಥವರಲ್ಲಿ ಅನೇಕರು ಈ ಬಗೆಯವರು. ಬೇರೆಯವರಿಗೆ ಸಲ್ಲುವ ಪ್ರಮಾಣವೇ ಅವರಿಗೆ ಮಿತಿಮೀರಿ, ರಕ್ತದ ಬಿಳಿಯ ಕಣಗಳು ಅಪಾಯಕರವಾಗಿ ಇಳಿಯಬಹುದು. ೨೦೦೫ರಲ್ಲಿ ಅಮೇರಿಕದ ಸರಕಾರವು ಈ ಎಚ್ಚರಿಕೆಯನ್ನು ಔಷಧದ ಪತ್ರದಲ್ಲಿಯೇ ಸೇರಿಸಿತು. ಶುದ್ಧಮಾಡಿ, ತಿದ್ದಿ, ಅಳೆದು, ವೈದ್ಯರ ಕಣ್ಣೆದುರಿನಲ್ಲಿ ಕೊಡುವ ಮದ್ದಿನ ಪಾಡೇ ಹೀಗಿರುವಾಗ, ತೊಗಟೆಯನ್ನು ಕುದಿಸಿದ ನೀರಿನ ಪಾಡೇನು? ಅದರಲ್ಲಿ ಔಷಧವು ಎಷ್ಟಿದೆಯೆಂದು ಯಾರೂ ಹೇಳಲಾರರು. ಒಂದು ಮರದಿಂದ ಇನ್ನೊಂದು ಮರಕ್ಕೂ, ಒಂದೇ ಮರದ ಬೇರಿನಿಂದ ಕೊಂಬೆಗೂ ಅದು ಬದಲಾಗುವುದು. ಕಷಾಯವನ್ನು ನಂಬಿ ಎರಡು ಮೂರು ತಿಂಗಳು ಕಳೆದ ಮೇಲೆ ಆಸ್ಪತ್ರೆಗೆ ಬರುವ ರೋಗಿಗೆ, ಶಸ್ತ್ರದಿಂದ ತೆಗೆಯಬಹುದಾಗಿದ್ದ ಗಡ್ಡೆಯು ತೆಗೆಯಬಾರದಷ್ಟು ಹಬ್ಬಿರಬಹುದು. ಕಳೆದುಹೋದ ಆ ತಿಂಗಳುಗಳನ್ನು ಯಾವ ಔಷಧವೂ ಹಿಂದಕ್ಕೆ ತರಲಾರದು.

ಹಾಗೆಂದು ಆಸ್ಪತ್ರೆಯ ಔಷಧವನ್ನು ಅಮೃತವೆಂದು ಹೊಗಳುವುದೂ ಸಲ್ಲದು. ದೊಡ್ಡ ಕರುಳಿನ ಅರ್ಬುದವು ದೇಹದಲ್ಲೆಲ್ಲ ಹಬ್ಬಿ, ಮೊದಲು ಕೊಟ್ಟ ಔಷಧವೂ ನಾಟದೆ ಹೋದ ರೋಗಿಗಳ ಮೇಲೆ ಯುರೋಪಿನಲ್ಲಿ ನಡೆದು ೧೯೯೮ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ಇರಿನೊಟೆಕಾನ್ ಪಡೆದವರಲ್ಲಿ ೧೦೦ಕ್ಕೆ ೩೬ ಮಂದಿ ಒಂದು ವರ್ಷದ ಕೊನೆಗೆ ಬದುಕಿದ್ದರು. ಶುಶ್ರೂಷೆಯನ್ನು ಮಾತ್ರ ಪಡೆದವರಲ್ಲಿ ೧೪ ಮಂದಿ. ಈ ಲೆಕ್ಕವು ದೊಡ್ಡದೋ ಚಿಕ್ಕದೋ ಎಂಬುದನ್ನು ಮಗಳ ಮದುವೆಯನ್ನು ಕಣ್ಣಾರೆ ನೋಡಬೇಕೆಂದು ಆಸೆಪಡುವ ತಂದೆಯೇ ಹೇಳಬೇಕು.

ಇನ್ನು ಈ ವೃತ್ತಾಂತವು ಕನ್ನಡ ನಾಡಿಗೆ ತಾಗುವ ಬಗೆ. ೧೯೭೨ರಲ್ಲಿ, ಎಂದರೆ ಅಮೇರಿಕದ ವೈದ್ಯರು ಕೈಚೆಲ್ಲಿದ ಕಾಲದಲ್ಲಿಯೇ, ಮುಂಬಯಿಯ ಗೋರೆಗಾಂವಿನ ಸೀಬಾ ಸಂಶೋಧನ ಕೇಂದ್ರದಲ್ಲಿದ್ದ ಟಿ. ಆರ್. ಗೋವಿಂದಾಚಾರಿಯವರೂ ವಿಶ್ವನಾಥನ್ ಅವರೂ ಪಶ್ಚಿಮ ಘಟ್ಟದ ಒಂದು ಮರದಲ್ಲಿ ಇದೇ ಕ್ಯಾಂಪ್ಟೊಥೆಸಿನ್ ಇರುವುದನ್ನು ಕಂಡುಹಿಡಿದರು. ಉತ್ತರ ಕನ್ನಡ, ಶಿವಮೊಗ್ಗ, ಚಿಕ್ಕಮಗಳೂರು, ಕೊಡಗುಗಳ ಕಾಡಿನಲ್ಲಿ ಬೆಳೆಯುವ ಸಾಧಾರಣ ಎತ್ತರದ ಮರವದು. ಹೂವಿನ ನಾತದಿಂದ ಅದಕ್ಕೆ ದುರ್ವಾಸನೆಯ ಮರವೆಂದು ಹೆಸರು ಬಂದಿದೆ. ಮರಾಠಿಯಲ್ಲಿ ನರಕ್ಯಾ ಎನ್ನುವರು. ಶಾಸ್ತ್ರದ ಹೆಸರು ನೊಥಪೊಡೈಟಿಸ್ ನಿಮ್ಮೋನಿಯಾನ. ಚೀನದ ಸಂತೋಷದ ಮರಕ್ಕೂ ಘಟ್ಟದ ದುರ್ವಾಸನೆಯ ಮರಕ್ಕೂ ಕುಲದಲ್ಲಿ ಹತ್ತಿರದ ನಂಟಿಲ್ಲದಿದ್ದರೂ ಎರಡೂ ಒಂದೇ ವಿಷವನ್ನು ಕಟ್ಟಿಕೊಂಡಿವೆ. ಇದು ಆಶ್ಚರ್ಯಕರವಾದ ಸಂಗತಿ.

ಔಷಧಕ್ಕೆ ಬೆಲೆ ಬಂದೊಡನೆ ಮರಕ್ಕೆ ಆಪತ್ತು ಬಂದಿತು. ಯಾರೂ ಕಣ್ಣೆತ್ತಿ ನೋಡದಿದ್ದ ಮರವನ್ನು ಮಹಾರಾಷ್ಟ್ರ ಕರ್ನಾಟಕಗಳ ಕಾಡುಗಳಲ್ಲಿ ಬುಡಸಹಿತ ಕಡಿದು ಸಾಗಿಸತೊಡಗಿದರು. ಅದು ಇಂದು ಅಪಾಯಕ್ಕೆ ಸಿಲುಕಿದ ಗಿಡಮರಗಳ ಸಾಲಿನಲ್ಲಿ ಸೇರಿದೆ. ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯದ ವಿದ್ವಾಂಸರು ಘಟ್ಟದ ಉದ್ದಕ್ಕೂ ಮರಗಳನ್ನು ಪರೀಕ್ಷಿಸಿ, ಯಾವ ಕಡೆಯ ಮರಗಳಲ್ಲಿ ಸತ್ವವು ಹೆಚ್ಚಿದೆಯೆಂಬುದನ್ನು ಗುರುತಿಸಿದ್ದಾರೆ. ಅಂಥ ಮರಗಳ ಬೀಜದಿಂದ ತೋಟಗಳನ್ನೆಬ್ಬಿಸಿದರೆ ಕಾಡಿನ ಮರವನ್ನು ಮುಟ್ಟುವ ಅವಶ್ಯಕತೆಯು ತಗ್ಗುವುದು. ೨೦೦೫ರಲ್ಲಿ ಭಾರತದ ಸಂಶೋಧಕರು ಈ ಮರದ ಒಳಮೈಯಲ್ಲಿ ಬದುಕಿಕೊಂಡಿರುವ ಒಂದು ಶಿಲೀಂಧ್ರವು ತಾನೂ ಕ್ಯಾಂಪ್ಟೊಥೆಸಿನ್ನನ್ನು ಮಾಡಬಲ್ಲುದೆಂದು ತಿಳಿಸಿದರು. ಹಾಗಾದರೆ ಮರವನ್ನು ಕಡಿಯದೆ, ಹಿಟ್ಟು ಹುದುಗಿಸಿದಂತೆ, ಪಾತ್ರೆಯಲ್ಲಿಯೇ ಔಷಧವನ್ನು ಬೆಳೆಯಬಹುದೆಂದು ಹಲವರು ಹಿಗ್ಗಿದರು. ಆದರೆ ಇಂಥ ಶಿಲೀಂಧ್ರಗಳನ್ನು ಮರದಿಂದ ಹೊರತೆಗೆದು ಪೀಳಿಗೆ ಪೀಳಿಗೆಯಾಗಿ ಬೆಳೆಸಿದಂತೆ ಅವು ಆ ವಿದ್ಯೆಯನ್ನು ಮರೆಯುತ್ತ ಬರುವುವು.

ಅಣುವನ್ನು ತಿದ್ದುವ ಕೆಲಸವಾದರೋ ನಿಂತಿಲ್ಲ. ಇರಿನೊಟೆಕಾನಿನ ಬಾಲವನ್ನು ಕತ್ತರಿಸಿದಾಗ ಉಳಿಯುವ ಆ ತೀಕ್ಷ್ಣ ರೂಪವನ್ನು, ಅರ್ಬುದದ ಜೀವಕೋಶವನ್ನೇ ಗುರುತಿಸಿ ಹೋಗಿ ಅಂಟಿಕೊಳ್ಳುವ ಪ್ರತಿಕಾಯವೆಂಬ ದ್ರವ್ಯಕ್ಕೆ ಕಟ್ಟಿ ಕಳುಹಿಸುವ ಔಷಧವೊಂದಕ್ಕೆ ೨೦೨೦ರಲ್ಲಿ ಅಮೇರಿಕದಲ್ಲಿ ಒಪ್ಪಿಗೆ ದೊರೆಯಿತು. ಬೇರೆ ಚಿಕಿತ್ಸೆಗಳಿಗೆ ಸುಲಭವಾಗಿ ಬಗ್ಗದ ಒಂದು ಬಗೆಯ ಸ್ತನದ ಅರ್ಬುದಕ್ಕೆ ಅದನ್ನು ಕೊಡುವರು. ಅದಕ್ಕೂ ಕೆಲವು ತಿಂಗಳು ಮುಂಚೆ, ೨೦೧೯ರ ಡಿಸೆಂಬರದಲ್ಲಿ, ಇದೇ ಮನೆತನದ ಇನ್ನೊಂದು ಅಣುವನ್ನು ಹೊತ್ತ ಔಷಧವೂ ಬಂದಿತ್ತು. ವಾಲ್ ಅವರು ೨೦೦೨ರಲ್ಲಿ ತೀರಿಕೊಂಡುದರಿಂದ ಇವನ್ನು ನೋಡಲಿಲ್ಲ. ವಾನಿಯವರು ೨೦೨೦ರ ಏಪ್ರಿಲ್ ತಿಂಗಳಲ್ಲಿ, ತಮ್ಮ ೯೫ನೆಯ ವಯಸ್ಸಿನಲ್ಲಿ, ೨೦ ಕಿಲೋಗ್ರಾಂ ಕಟ್ಟಿಗೆಯಿಂದ ತಾವು ಬೇರ್ಪಡಿಸಿದ ವಸ್ತುವು ಮತ್ತೊಂದು ರೂಪವನ್ನು ತಾಳುತ್ತಿರುವಾಗಲೇ ಕಣ್ಣುಮುಚ್ಚಿದರು.